ತಮಕಶ್ವಾಸವಿಚಾರ: ಒಂದು ರೋಗನಾಮದ ಇತಿಹಾಸ

ಸಂಸ್ಕೃತ ವೈದ್ಯಗ್ರಂಥಗಳನ್ನು ಕನ್ನಡಿಸುವವರೂ ನಿಘಂಟುಕಾರರೂ ‘ತಮಕಶ್ವಾಸ’ವೆಂಬ ಪದವು ಬಂದೆಡೆಯಲ್ಲೆಲ್ಲ ಸಂಕೋಚವಿಲ್ಲದೆ ‘ಅಸ್ತಮಾ’ ಎಂದು ಬರೆದುಬಿಡುವುದು ಈಗ ರೂಢಿಯಾಗಿದೆ. ಮೂಲವನ್ನು ನೋಡದೆ ಅನುವಾದವನ್ನೇ ನಂಬಿದ ಓದುಗನು, ಇಂದಿನ ವೈದ್ಯರು ಅಸ್ತಮಾ ಎಂದು ಕರೆಯುವ ವ್ಯಾಧಿಯನ್ನೇ ಚರಕಸುಶ್ರುತರು ಅದೇ ಎಲ್ಲೆಕಟ್ಟಿನೊಳಗೆ ವರ್ಣಿಸಿರುವರೆಂದು ತಿಳಿಯುವನು. ಇದಕ್ಕೆ ಪ್ರತಿಯಾಗಿ ಮತ್ತೊಂದು ಪಕ್ಷವೂ ಉಂಟು: ಪ್ರಾಚೀನರ ಶ್ವಾಸಪ್ರಕರಣವೆಲ್ಲವೂ ದೋಷಕಲ್ಪನೆಯ ಮೇಲೆ ನಿಂತ ಮಾತಾದುದರಿಂದ ಅದರಲ್ಲಿ ರೋಗನಿರ್ಣಯಕ್ಕೆ ಒದಗುವ ಅಂಶವೇನೂ ಇಲ್ಲವೆಂಬುದು ಅವರ ಮತ. ಈ ಎರಡು ಪಕ್ಷಗಳೂ ಗ್ರಂಥವನ್ನು ಗ್ರಂಥವಾಗಿ ಓದದೆ ಹುಟ್ಟಿದವು. ತಮಕವೆಂಬ ಹೆಸರು ಏನನ್ನು ಒಳಗೊಂಡಿತ್ತು, ಅಸ್ತಮಾ ಎಂಬ ಹೆಸರು ಏನನ್ನು ಒಳಗೊಂಡಿತ್ತು, ಇಂದು ಆ ಹೆಸರಿನಿಂದ ಬೇರ್ಪಟ್ಟು ನಿಂತಿರುವ ದೀರ್ಘಕಾಲಿಕ ಶ್ವಾಸಮಾರ್ಗಾವರೋಧವು ಹಿಂದೆ ಎಲ್ಲಿ ಅಡಗಿತ್ತು ಎಂಬುದನ್ನು ಕ್ರಮವಾಗಿ ವಿಚಾರಮಾಡುವುದು ಈ ಲೇಖನದ ಉದ್ದೇಶ. ಇದು ಕೇವಲ ಶಬ್ದಚರ್ಚೆಯೆಂದು ತೋರಬಹುದು. ಆದರೆ ಹೆಸರು ತಪ್ಪಿದಲ್ಲಿ ಔಷಧವೂ ತಪ್ಪುವ ರೋಗಗಳಲ್ಲಿ ಇದು ಒಂದಾದುದರಿಂದ, ಚರ್ಚೆಯ ಫಲವು ನಿಘಂಟಿನ ಪುಟಗಳಾಚೆಗೂ ಮುಟ್ಟತಕ್ಕದ್ದಾಗಿದೆ.

೧. ಹೆಸರುಗಳು

ಮೊದಲು ಶಬ್ದಗಳನ್ನೇ ನೋಡೋಣ. ಸಂಸ್ಕೃತದಲ್ಲಿ ‘ಶ್ವಾಸ’ವೆಂದರೆ ಉಸಿರು, ಅದೇ ಶಬ್ದವು ಉಸಿರಿನ ರೋಗಕ್ಕೂ ಹೆಸರಾಗಿದೆ. ಗ್ರೀಕ್ ಭಾಷೆಯ ‘ಅಸ್ಥ್ಮ’ ಶಬ್ದದ ಮೂಲಾರ್ಥವೂ ಏದುಸಿರೆಂದೇ. ಹೋಮರನ ಇಲಿಯಡ್ ಕಾವ್ಯದಲ್ಲಿ ಪೆಟ್ಟುತಿಂದ ಹೆಕ್ಟರನ ಏದುಸಿರಿಗೆ ಆ ಶಬ್ದವು ಪ್ರಯೋಗವಾಗಿದೆ. ಅಲ್ಲಿ ರೋಗದ ಮಾತೇ ಇಲ್ಲ. ಕನ್ನಡನಾಡಿನಲ್ಲಿ ಬಳಕೆಯಲ್ಲಿರುವ ‘ದಮ್ಮು’ ಎಂಬುದು ಫಾರಸಿಯ ‘ದಮ್’ ಶಬ್ದದಿಂದ ಬಂದುದು. ಅದಕ್ಕೂ ಉಸಿರೆಂಬುದೇ ಅರ್ಥ. ನಮ್ಮವೇ ಆದ ‘ಉಬ್ಬಸ’, ‘ಗೂರಲು’ ಎಂಬ ಮಾತುಗಳಲ್ಲಿ ಮೊದಲನೆಯದು ಸಂಕಟವನ್ನೂ ಎರಡನೆಯದು ಕೆಮ್ಮಿನೊಡನೆ ಕೂಡಿದ ಗೊರಗೊರ ಶಬ್ದವನ್ನೂ ಮುಂದುಮಾಡುತ್ತವೆ. ಹೀಗೆ ಭಾಷೆಗಳು ಬೇರೆಬೇರೆಯಾದರೂ ಹೆಸರಿಡುವ ಮಾರ್ಗ ಒಂದೇ: ಕಣ್ಣಿಗೆ ಕಂಡುದು, ಕಿವಿಗೆ ಕೇಳಿದುದು, ರೋಗಿಯು ಅನುಭವಿಸಿದುದು. ಶರೀರದೊಳಗೆ ಏನು ನಡೆದಿದೆಯೆಂಬುದನ್ನು ಈ ಹೆಸರುಗಳಲ್ಲಿ ಯಾವುದೂ ಹೇಳುವುದಿಲ್ಲ. ಆದುದರಿಂದ ಒಂದು ಹೆಸರಿಗೆ ಮತ್ತೊಂದು ಹೆಸರನ್ನು ಪ್ರತಿಪದವಾಗಿ ಇಟ್ಟಮಾತ್ರಕ್ಕೆ ಒಂದು ರೋಗಕ್ಕೆ ಮತ್ತೊಂದು ರೋಗವು ಸಮವಾಯಿತೆಂದು ತಿಳಿಯಲಾಗದು.

‘ತಮಕ’ ಶಬ್ದವು ಸ್ವಲ್ಪ ಹೆಚ್ಚು ವಿಚಾರಾರ್ಹವಾದುದು. ‘ತಮಸ್’ ಎಂದರೆ ಕತ್ತಲೆಯಾದುದರಿಂದ, ಕತ್ತಲೆಗೆ ಸಂಬಂಧಪಟ್ಟ ಶ್ವಾಸವೆಂದು ಕೆಲವರು ಅರ್ಥಮಾಡುವರು. ಚರಕನು ಸಂತಮಕವೆಂಬ ಪ್ರಭೇದವನ್ನು ಹೇಳುವಲ್ಲಿ, ರೋಗಿಗೆ ತಾನು ಕತ್ತಲೆಯಲ್ಲಿ ಮುಳುಗಿದಂತೆ ಆಗುವುದೆಂದೂ ಕತ್ತಲೆಯಲ್ಲಿ ರೋಗವು ಹೆಚ್ಚುವುದೆಂದೂ ಹೇಳಿರುವುದು ಈ ಅರ್ಥಕ್ಕೆ ಪೋಷಕವಾಗಿದೆ. ಆದರೆ ಸುಶ್ರುತನು ತಮಕಲಕ್ಷಣದಲ್ಲಿ ‘ತಮ್’ ಧಾತುವಿನ ಕ್ರಿಯಾರೂಪವನ್ನೇ ಬಳಸಿ, ಮೋಡಕವಿದ ದಿನಗಳಲ್ಲಿ ವಿಶೇಷವಾಗಿ ಯಾವ ಶ್ವಾಸದಿಂದ ಮನುಷ್ಯನು ಬಳಲುವನೋ ಅದು ತಮಕವೆಂದು ನಿರ್ವಚನದಂತೆ ಹೇಳಿರುವನು. ಈ ಧಾತುವಿಗೆ ಬಳಲಿಕೆಯೆಂಬ ಅರ್ಥವು ಪ್ರಯೋಗದಲ್ಲಿ ಪ್ರಸಿದ್ಧವಾಗಿದ್ದರೆ, ಧಾತುಪಾಠದಲ್ಲಿ ಕಾಂಕ್ಷೆಯೆಂಬ ಅರ್ಥವು ಹೇಳಲ್ಪಟ್ಟಿದೆ. ಉಸಿರಿಗಾಗಿ ಹಂಬಲಿಸಿ ಬಳಲುವುದು ಎಂದು ಎರಡು ಅರ್ಥಗಳನ್ನೂ ಸೇರಿಸಿದರೆ ರೋಗಿಯ ಅವಸ್ಥೆಯು ಯಥಾವತ್ತಾಗಿ ದೊರೆಯುತ್ತದೆ. ಇಲ್ಲಿ ಸುಶ್ರುತನ ನಿರ್ವಚನವೇ ಮುಖ್ಯವೆಂದೂ ಕತ್ತಲೆಯ ಅರ್ಥವು ಪ್ರಭೇದವೊಂದಕ್ಕೆ ಮಾತ್ರ ಸಲ್ಲುವುದೆಂದೂ ನಮಗೆ ತೋರುತ್ತದೆ.

೨. ಸಂಹಿತೆಗಳಲ್ಲಿ ಲಕ್ಷಣ

ಚರಕಸಂಹಿತೆಯ ಚಿಕಿತ್ಸಾಸ್ಥಾನದ ೧೭ನೆಯ ಅಧ್ಯಾಯವು ಹಿಕ್ಕಾಶ್ವಾಸಗಳಿಗೆ ಮೀಸಲಾಗಿದೆ. ಪ್ರಾಣಹರವಾದ ವ್ಯಾಧಿಗಳು ಅನೇಕವಿದ್ದರೂ ಇವೆರಡರಷ್ಟು ಶೀಘ್ರವಾಗಿ ಪ್ರಾಣವನ್ನು ಒಯ್ಯುವುದು ಮತ್ತೊಂದಿಲ್ಲವೆಂದು ಆಚಾರ್ಯನು ಆರಂಭದಲ್ಲಿಯೇ ಎಚ್ಚರಿಸಿರುವನು. ಶ್ವಾಸವು ಐದು ವಿಧ: ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ. ಸುಶ್ರುತಸಂಹಿತೆಯ ಉತ್ತರತಂತ್ರದ ೫೧ನೆಯ ಅಧ್ಯಾಯದಲ್ಲಿಯೂ ಅಷ್ಟಾಂಗಹೃದಯದ ನಿದಾನಸ್ಥಾನದ ೪ನೆಯ ಅಧ್ಯಾಯದಲ್ಲಿಯೂ ಮಾಧವನಿದಾನದಲ್ಲಿಯೂ ಇದೇ ಐದರ ಗಣನೆಯು ಮುಂದುವರಿದಿದೆ. ಮೊದಲ ಮೂರು ಮರಣಕಾಲಕ್ಕೆ ಸಮೀಪಿಸಿದವನ ಉಸಿರಾಟದ ರೂಪಗಳು; ಅವು ಯಾವುದೋ ಒಂದು ರೋಗಕ್ಕೆ ಸೇರಿದವಲ್ಲ, ಬಹುರೋಗಗಳ ಅಂತ್ಯಕ್ಕೆ ಸೇರಿದವು. ಕ್ಷುದ್ರಶ್ವಾಸವು ಆಯಾಸದಿಂದ ಹುಟ್ಟಿ ವಿಶ್ರಾಂತಿಯಿಂದ ಅಡಗುವಂಥದು. ವಿವರವಾದ ರೋಗಚಿತ್ರವಿರುವುದು ತಮಕಕ್ಕೆ ಮಾತ್ರ.

ಆ ಚಿತ್ರವನ್ನು ಸಂಗ್ರಹಿಸಿ ಹೇಳುವುದಾದರೆ ಹೀಗಿದೆ: ವಾಯುವು ಪ್ರತಿಲೋಮವಾಗಿ ಸ್ರೋತಸ್ಸುಗಳನ್ನು ಹೊಕ್ಕು ಕುತ್ತಿಗೆಯನ್ನೂ ತಲೆಯನ್ನೂ ಹಿಡಿದು ಕಫವನ್ನು ಕೆರಳಿಸುತ್ತದೆ. ಮೂಗು ಸೋರುತ್ತದೆ. ಗಂಟಲಿನಲ್ಲಿ ಘುರ್ಘುರಶಬ್ದವೂ ತೀವ್ರವೇಗದ ಉಸಿರೂ ಹುಟ್ಟುತ್ತವೆ. ಕೆಮ್ಮಿ ಕೆಮ್ಮಿ ರೋಗಿಯು ನಿಶ್ಚೇಷ್ಟಿತನಾಗುವನು. ಕಫವು ಹೊರಬಾರದಿದ್ದರೆ ಅತ್ಯಂತ ಸಂಕಟ. ಬಂದರೆ ಮುಹೂರ್ತಮಾತ್ರ ಸುಖ. ಮಾತನಾಡುವುದೇ ಕಷ್ಟ. ಮಲಗಿದರೆ ಪಕ್ಕೆಗಳು ಹಿಡಿದು ನಿದ್ರೆ ಬಾರದು. ಎದ್ದು ಕುಳಿತರೆ ಸಮಾಧಾನ. ಬಿಸಿಯಾದುದು ಹಿತ. ಹಣೆಯಲ್ಲಿ ಬೆವರು, ಬಾಯಲ್ಲಿ ಒಣಗು. ಮೋಡ, ಮಳೆ, ಚಳಿ, ಮೂಡಣಗಾಳಿ, ಕಫವರ್ಧಕವಾದ ಆಹಾರ ಇವುಗಳಿಂದ ವ್ಯಾಧಿಯು ಬಲಿಯುತ್ತದೆ. ಕಾರಣಗಳನ್ನು ಎಣಿಸುವಲ್ಲಿ ಚರಕಸುಶ್ರುತರಿಬ್ಬರೂ ಧೂಳನ್ನೂ ಹೊಗೆಯನ್ನೂ ಹೆಸರಿಸಿ ಹೇಳಿರುವರೆಂಬುದು ಗಮನಿಸತಕ್ಕ ಅಂಶ.

ಈ ಚಿತ್ರವನ್ನು ಕ್ರಿಸ್ತಶಕದ ಆದಿಶತಮಾನಗಳಲ್ಲಿದ್ದ ಕಪ್ಪಡೋಕಿಯದ ಅರಿಟೀಯಸನೆಂಬ ವೈದ್ಯನ ವರ್ಣನೆಯೊಡನೆ ಇಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಅಲ್ಲಿಯೂ ರೋಗಿಯು ಮಲಗಲಾರದೆ ಎದ್ದು ನಿಲ್ಲುವನು. ಮನೆಯೊಳಗಿನ ಗಾಳಿ ಸಾಲದೆಂಬಂತೆ ಬಯಲಿಗೆ ಹಂಬಲಿಸುವನು. ಒಬ್ಬರನ್ನೊಬ್ಬರು ಓದದೆಯೂ ಇಬ್ಬರೂ ಒಂದನ್ನೇ ಬರೆದಿರುವುದಕ್ಕೆ ಕಾರಣ ಅವರಿಬ್ಬರೂ ರೋಗಿಯ ಮಂಚದ ಬಳಿಯಲ್ಲಿ ನಿಂತು ನೋಡಿದುದೇ ಹೊರತು ಬೇರೆಯಲ್ಲ. ಬಿಟ್ಟುಬಿಟ್ಟು ಬರುವುದು, ಋತುವಿಗೂ ಶೀತಕ್ಕೂ ಕೆರಳುವುದು, ಮೂಗಿನ ಸ್ರಾವದೊಡನೆ ಕೂಡುವುದು, ಗಂಟಲು ಗೊರಗುಟ್ಟುವುದು ಎಂಬೀ ಲಕ್ಷಣಗಳು ಇಂದಿನ ಅಸ್ತಮಾಕ್ಕೆ ಬಹುಮಟ್ಟಿಗೆ ಹೊಂದುತ್ತವೆ. ಈ ಮಟ್ಟಿಗೆ ಮೊದಲನೆಯ ಪಕ್ಷದವರ ಮಾತು ನಿಲ್ಲುತ್ತದೆ.

೩. ಸಾಧ್ಯಾಸಾಧ್ಯಗಳಲ್ಲಿ ಆಚಾರ್ಯಭೇದ

ಆದರೆ ಮುಂದಿನ ಅಂಶದಲ್ಲಿ ಆ ಮಾತು ನಿಲ್ಲದು. ತಮಕವು ಯಾಪ್ಯವೆಂದೂ ಹೊಸದಾಗಿ ಹುಟ್ಟಿದುದಾದರೆ ಸಾಧ್ಯವೆಂದೂ ಚರಕನ ಮತ. ತಮಕವು ಕೃಚ್ಛ್ರಸಾಧ್ಯವೆಂದೂ ದುರ್ಬಲನಾದವನಲ್ಲಿ ಅಸಾಧ್ಯವೆಂದೂ ಸುಶ್ರುತನ ಮತ. ಒಂದೇ ರೋಗಕ್ಕೆ ಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯವೆಂಬ ನಾಲ್ಕು ಗತಿಗಳೂ ಹೇಳಲ್ಪಟ್ಟವು. ಇದನ್ನು ವಿರೋಧವೆಂದು ತಿಳಿಯದೆ ಅವಸ್ಥಾಭೇದದಿಂದ ಸಮನ್ವಯಗೊಳಿಸುವುದು ಶಾಸ್ತ್ರಸಂಪ್ರದಾಯ. ಹೊಸದಾದುದು ಬೇರೆ, ಹಳೆಯದಾದುದು ಬೇರೆ. ಬಲವಂತನಲ್ಲಿರುವುದು ಬೇರೆ, ಕ್ಷೀಣನಲ್ಲಿರುವುದು ಬೇರೆ. ಚಿಕಿತ್ಸೆಯಲ್ಲಿಯೂ ಚರಕನು ಬಲಿಷ್ಠನಾದ ಕಫಾಧಿಕನಿಗೆ ವಮನವಿರೇಚನಗಳನ್ನೂ ದುರ್ಬಲನಿಗೆ ಬೃಂಹಣವನ್ನೂ ವಿಧಿಸಿ ಈ ಭೇದವನ್ನು ಪಾಲಿಸಿರುವನು.

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಹೊಸದಾಗಿದ್ದಾಗ ಬಿಡುವ, ಹಳೆಯದಾದ ಮೇಲೆ ಬಿಡದ, ದುರ್ಬಲನನ್ನು ಕೊಲ್ಲುವ ಈ ಶ್ವಾಸವು ನಿಜವಾಗಿ ಒಂದೇ ರೋಗದ ಅವಸ್ಥೆಗಳೋ, ಅಥವಾ ಎರಡು ರೋಗಗಳು ಒಂದೇ ಹೆಸರಿನ ಕೆಳಗೆ ಕುಳಿತಿವೆಯೋ? ಇದಕ್ಕೆ ಸಂಬಂಧಿಸಿದ ಮತ್ತೆರಡು ಸ್ಥಳಗಳನ್ನು ಕೂಡಿಸಿ ನೋಡಬೇಕು. ಕಾಸಚಿಕಿತ್ಸಾಧ್ಯಾಯದಲ್ಲಿ ಚರಕನು ವೃದ್ಧರಿಗೆ ಬರುವ ಜರಾಕಾಸವೆಲ್ಲವೂ ಯಾಪ್ಯವೆಂದು ಪ್ರತ್ಯೇಕವಾಗಿ ಹೇಳಿರುವನು. ಕ್ಷುದ್ರಶ್ವಾಸವು ಆಯಾಸದಿಂದ ಬರುವುದೆಂದು ಮೇಲೆ ಹೇಳಿದೆವಷ್ಟೆ. ವೃದ್ಧನ ಬಿಡದ ಕೆಮ್ಮು, ನಡೆದರೆ ಏಳುವ ಏದುಸಿರು, ಹಳತಾಗಿ ದೇಹವನ್ನು ಕ್ಷೀಣಗೊಳಿಸಿದ ತಮಕ ಎಂಬೀ ಮೂರನ್ನೂ ಒಟ್ಟುಗೂಡಿಸಿದರೆ ಇಂದಿನ ವೈದ್ಯರು ಸಿ.ಒ.ಪಿ.ಡಿ. ಎಂದು ಕರೆಯುವ ವ್ಯಾಧಿಯ ರೂಪವು ಬಹುಮಟ್ಟಿಗೆ ಎದ್ದುಬರುತ್ತದೆ. ಆದರೆ ಹಾಗೆ ಒಟ್ಟುಗೂಡಿಸಿದವರು ನಾವು, ಚರಕನಲ್ಲ. ಆತನ ಗ್ರಂಥದಲ್ಲಿ ಅವು ಮೂರು ಕಡೆ ಹಂಚಿಹೋಗಿವೆ. ಆತನು ಭೇದವನ್ನು ಕಂಡಿದ್ದನು. ಆದರೆ ಆ ಭೇದವನ್ನು ಅವಸ್ಥೆಯಲ್ಲಿಟ್ಟನು, ಜಾತಿಯಲ್ಲಿಡಲಿಲ್ಲ. ನಮ್ಮ ಚರ್ಚೆಯ ಮೂಲಸೂತ್ರವು ಇದೇ ಎಂದು ತಿಳಿಯತಕ್ಕದ್ದು.

೪. ಕರ್ನಾಟಕದಲ್ಲಿ

ಕರ್ನಾಟಕದ ವೈದ್ಯವಾಙ್ಮಯದಲ್ಲಿ ಜೈನಾಚಾರ್ಯರ ಪರಂಪರೆಯು ಪ್ರಧಾನವಾದುದು. ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ಮಾಂಸಭಕ್ಷಣವು ಔಷಧಾರ್ಥವಾಗಿಯೂ ನಿಷ್ಫಲವೆಂದು ವಾದಿಸಿದ ಉಗ್ರಾದಿತ್ಯಾಚಾರ್ಯನ ಸಂಸ್ಕೃತ ‘ಕಲ್ಯಾಣಕಾರಕ’ವು ೧೯೪೦ರಲ್ಲಿ ಸೊಲ್ಲಾಪುರದಲ್ಲಿ ಮುದ್ರಿತವಾಯಿತು. ೧೨ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಆತನ ಮಾರ್ಗವೂ ಮದ್ಯಮಾಂಸಮಧುಗಳನ್ನು ವರ್ಜಿಸಿದುದೇ. ಇದು ಶ್ವಾಸಚಿಕಿತ್ಸೆಗೆ ಸಂಬಂಧಿಸದ ಮಾತಲ್ಲ. ಚರಕನು ಶ್ವಾಸರೋಗಿಗೆ ನವಿಲು, ತಿತ್ತಿರಿ ಮುಂತಾದವುಗಳ ಮಾಂಸರಸವನ್ನು ವಿಧಿಸಿರುವನು. ಜೇನಂತೂ ಶ್ವಾಸಕಾಸಗಳ ಲೇಹ್ಯಗಳಲ್ಲಿ ಪದೇಪದೇ ಬರುವ ಅನುಪಾನ. ಇವೆರಡನ್ನೂ ಬಿಟ್ಟು ವೈದ್ಯವನ್ನು ನಡೆಸಲು ಸಾಧ್ಯವೆಂದು ಸಾಧಿಸಹೊರಟ ನಮ್ಮ ಆಚಾರ್ಯರು, ಶಾಸ್ತ್ರವು ಧರ್ಮಾನುಸಾರವಾಗಿ ಮಾರ್ಪಡಬಹುದೆಂಬುದನ್ನು ತೋರಿಸಿಕೊಟ್ಟಂತಾಯಿತು. ಗ್ರಂಥವನ್ನು ಪೂಜಿಸುವುದೆಂದರೆ ಅದನ್ನು ಅಲುಗಾಡದಂತೆ ಇಟ್ಟುಬಿಡುವುದಲ್ಲವೆಂದು ಅವರು ಬಲ್ಲವರಾಗಿದ್ದರು.

ಕನ್ನಡನಾಡಿಗೆ ಸಂಬಂಧಪಟ್ಟ ಎರಡನೆಯ ಸಂಗತಿಯು ಇದಕ್ಕಿಂತ ಗಂಭೀರವಾದುದು. ಸಂಹಿತೆಗಳ ಕಾಲದಲ್ಲಿ ಈ ದೇಶದಲ್ಲಿ ಹೊಗೆಸೊಪ್ಪು ಇರಲಿಲ್ಲ. ಅದು ಅಮೆರಿಕದಿಂದ ಪೋರ್ಚುಗೀಸರ ಮೂಲಕ ಪಡುವಣ ಕರಾವಳಿಗೂ ದಕ್ಷಿಣದ ಸುಲ್ತಾನರ ರಾಜ್ಯಗಳಿಗೂ ಬಂದುದು. ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ಹೊಗೆಸೊಪ್ಪನ್ನು ಮೊದಲಬಾರಿಗೆ ಕಂಡು, ಅಲಂಕೃತವಾದ ನಳಿಗೆಯೊಡನೆ ಅದನ್ನು ಸುಮಾರು ೧೬೦೪ರಲ್ಲಿ ಬಾದಶಹನಿಗೆ ಒಪ್ಪಿಸಿದುದಾಗಿ ತಾನೇ ಬರೆದಿಟ್ಟಿರುವನು. ತಮ್ಮ ಗ್ರಂಥಗಳಲ್ಲಿ ಹೇಳದ ವಸ್ತುವನ್ನು ಸೇವಿಸಬಾರದೆಂದು ಆಸ್ಥಾನದ ಹಕೀಮನು ತಡೆದನು. ಲೋಕದ ಪ್ರತಿಯೊಂದು ಬಳಕೆಯೂ ಒಂದು ಕಾಲದಲ್ಲಿ ಹೊಸದೇ ಆಗಿತ್ತೆಂದು ಅಸದ್ ಬೇಗನು ವಾದಿಸಿದನು. ಅಕ್ಬರನು ಆ ವಾದವನ್ನು ಮೆಚ್ಚಿದನಾದರೂ ಅಭ್ಯಾಸವನ್ನು ಹಿಡಿಯಲಿಲ್ಲ. ಜಹಾಂಗೀರನು ೧೬೧೭ರಲ್ಲಿ ಅದನ್ನು ನಿಷೇಧಿಸಿದನು; ನಿಷೇಧವು ನಿಲ್ಲಲಿಲ್ಲ. ಆ ವಾದದಲ್ಲಿ ತರ್ಕದ ಜಯವು ಅಸದ್ ಬೇಗನದು. ಆದರೆ ಪರಿಣಾಮವು ಹಕೀಮನ ಭೀತಿಯನ್ನೇ ಸಮರ್ಥಿಸಿತು. ಬೀಡಿ, ಹುಕ್ಕ, ಸಿಗರೇಟುಗಳ ದೀರ್ಘಾಭ್ಯಾಸದಿಂದ ಹುಟ್ಟುವ ಶ್ವಾಸಕೋಶಕ್ಷಯವು ಚರಕನ ಕಣ್ಣಮುಂದೆ ಇರುವುದೇ ಸಾಧ್ಯವಿರಲಿಲ್ಲ. ಅಡಿಗೆಮನೆಯ ಹೊಗೆಯು ಮಾತ್ರ ಇತ್ತು. ಧೂಮವನ್ನು ಕಾರಣವೆಂದು ಆಚಾರ್ಯರು ಎಣಿಸಿದುದಕ್ಕೆ ಅದೂ ಆಧಾರವಾಗಿದ್ದೀತು. ಒಲೆಯ ಹೊಗೆಯು ಅಲ್ಪಕಾರಣವಲ್ಲವೆಂಬುದು ಈಚೆಗೂ ಸ್ಥಿರಪಟ್ಟಿದೆ: ಹೊಗೆಸೊಪ್ಪನ್ನು ಮುಟ್ಟದ ಹೆಂಗಸರಲ್ಲಿಯೂ ಶ್ವಾಸಕೋಶದ ವ್ಯಾಧಿಯಿಂದ ಹೃದಯವು ಕೆಡುವುದನ್ನು ದಿಲ್ಲಿಯ ಹೃದ್ರೋಗತಜ್ಞೆ ಡಾ॥ ಎಸ್. ಪದ್ಮಾವತಿಯವರು ೧೯೫೦ರ ದಶಕದಲ್ಲಿ ಕಂಡು, ಸೌದೆ ಬೆರಣಿಗಳ ಹೊಗೆಯತ್ತ ವೈದ್ಯಲೋಕದ ಗಮನವನ್ನು ಸೆಳೆದರು.

ಹೊಸ ರೋಗವು ಬಂದಾಗ ಶಾಸ್ತ್ರಕಾರರು ಅದನ್ನು ಹೊಸದೆಂದು ಒಪ್ಪಿಕೊಂಡುದಕ್ಕೂ ನಿದರ್ಶನವಿದೆ. ೧೬ನೆಯ ಶತಮಾನದ ಭಾವಮಿಶ್ರನು ಪರಂಗಿಯವರೊಡನೆ ಬಂದ ಫಿರಂಗರೋಗವನ್ನು ಹಳೆಯ ಹೆಸರಿನಡಿಯಲ್ಲಿ ತುರುಕದೆ ಪ್ರತ್ಯೇಕವಾಗಿ ನಿರೂಪಿಸಿದನು. ಹೊಗೆಸೊಪ್ಪಿನ ಶ್ವಾಸಕ್ಕೆ ಅಂಥ ಭಾವಮಿಶ್ರನು ದೊರೆಯಲಿಲ್ಲ. ಅದು ಹಳೆಯ ಹೆಸರುಗಳಲ್ಲಿಯೇ ಕರಗಿಹೋಯಿತು.

೫. ಪಶ್ಚಿಮದಲ್ಲಿ ನಿರ್ಣಯಕ್ರಮ

ಪಶ್ಚಿಮದಲ್ಲಿಯೂ ಬಹುಕಾಲ ಇದೇ ಸ್ಥಿತಿ. ಸುಮಾರು ೧೧೯೦ರಲ್ಲಿ ಈಜಿಪ್ಟಿನ ರಾಜವಂಶೀಯನೊಬ್ಬನಿಗಾಗಿ ಮೈಮೋನಿಡೀಸನು ಬರೆದ ಅಸ್ತಮಾಗ್ರಂಥವು ಪಥ್ಯಾಹಾರವನ್ನೂ ನಿರ್ಮಲವಾಯುವನ್ನೂ ಬೋಧಿಸುತ್ತದೆ. ಸ್ವತಃ ರೋಗಿಯಾಗಿದ್ದ ಸರ್ ಜಾನ್ ಫ್ಲಾಯರನು ೧೬೯೮ರಲ್ಲಿ ಬರೆದ ಗ್ರಂಥದಲ್ಲಿ, ವೇಗವೇಗವಾಗಿ ಬಂದುಹೋಗುವ ಶ್ವಾಸವನ್ನೂ ಸದಾ ಇರುವ ಶ್ವಾಸವನ್ನೂ ಬೇರ್ಪಡಿಸಿದುದಲ್ಲದೆ, ಉಬ್ಬಸದಿಂದ ಕೆಟ್ಟ ಒಂದು ಹೆಣ್ಣುಕುದುರೆಯ ಶವವನ್ನು ಸೀಳಿಸಿ ಉಬ್ಬಿದ ಶ್ವಾಸಕೋಶವನ್ನು ವರ್ಣಿಸಿದನು. ಭೇದವನ್ನು ಅವಸ್ಥೆಯಿಂದ ಜಾತಿಯೆಡೆಗೆ ಸರಿಸಿದ ಮೊದಲ ಹೆಜ್ಜೆಗಳಲ್ಲಿ ಇದೊಂದು.

೧೮೧೬ರಲ್ಲಿ ಲೆನೆಕ್ ಎಂಬ ಫ್ರೆಂಚ್ ವೈದ್ಯನು ಸ್ಟೆತಾಸ್ಕೋಪನ್ನು ಕಲ್ಪಿಸಿ, ೧೮೧೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎದೆಯ ಶಬ್ದಗಳನ್ನು ವಿಂಗಡಿಸಿ, ಬದುಕಿದ್ದಾಗ ಕೇಳಿದುದನ್ನು ಮರಣಾನಂತರ ಕಂಡುದರೊಡನೆ ತಾಳೆನೋಡಿದನು. ಶ್ವಾಸಕೋಶದ ಗೂಡುಗಳು ಒಡೆದು ಉಬ್ಬುವ ಎಂಫಿಸೀಮವನ್ನು ಆತನು ಸ್ಪಷ್ಟಪಡಿಸಿದನು. ಶ್ರವಣದಿಂದ ಪರೀಕ್ಷಿಸುವುದು ನಮ್ಮವರಿಗೂ ಸಮ್ಮತವೇ. ಕರುಳಿನ ಶಬ್ದ, ಸಂಧಿಗಳ ಶಬ್ದ, ಸ್ವರಭೇದ ಇವುಗಳನ್ನು ಕಿವಿಯಿಂದ ತಿಳಿಯಬೇಕೆಂದು ಚರಕನ ವಿಮಾನಸ್ಥಾನವು ಹೇಳುತ್ತದೆ. ಆದರೆ ದೂರದಿಂದ ಕೇಳುವ ಘುರ್ಘುರವೇ ಬೇರೆ, ಎದೆಯ ಒಂದೊಂದು ಸ್ಥಾನದಲ್ಲಿ ಕೇಳಿ ಒಳಗಿನ ವಿಕಾರವನ್ನು ಊಹಿಸುವುದೇ ಬೇರೆ.

ಮೂರನೆಯ ಹೆಜ್ಜೆ ಅಳತೆಯದು. ೧೮೪೬ರಲ್ಲಿ ಜಾನ್ ಹಚಿನ್ಸನ್ ಎಂಬ ಆಂಗ್ಲ ವೈದ್ಯನು ಸ್ಪೈರೋಮೀಟರೆಂಬ ಯಂತ್ರದಿಂದ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರಿನ ಪ್ರಮಾಣವನ್ನು ಅಳೆದು ಪ್ರಕಟಿಸಿದನು. ಆದರೆ ಒಬ್ಬನ ಎದೆಯಲ್ಲಿ ಎಷ್ಟು ಉಸಿರು ಹಿಡಿಯುವುದೆಂಬುದಕ್ಕಿಂತ ಎಷ್ಟು ಬೇಗ ಅದನ್ನು ಹೊರಗೆ ಬಿಡಬಲ್ಲನೆಂಬುದೇ ಈ ರೋಗದಲ್ಲಿ ಮುಖ್ಯವೆಂಬುದು ತಿಳಿಯಲು ಮತ್ತೆ ನೂರು ವರ್ಷ ಹಿಡಿಯಿತು. ೧೯೪೭ರಲ್ಲಿ ಫ್ರಾನ್ಸಿನ ತಿಫೆನೋ ಮತ್ತು ಪಿನೆಲ್ಲಿ ಎಂಬವರು ಬಲವಾಗಿ ಊದಿದಾಗ ಮೊದಲನೆಯ ಸೆಕೆಂಡಿನಲ್ಲಿ ಹೊರಬೀಳುವ ವಾಯುವಿನ ಪ್ರಮಾಣವನ್ನು ಮಾನದಂಡವಾಗಿ ಮಾಡಿದರು. ರೋಗಿಯ ಮಾತು, ಎದೆಯ ಶಬ್ದ, ಉಸಿರಿನ ಅಳತೆ ಎಂಬೀ ಮೂರು ಪ್ರಮಾಣಗಳು ಹೀಗೆ ಒಂದರ ಮೇಲೊಂದು ಸೇರಿದವು. ಮೊದಲನೆಯದನ್ನು ಕೊನೆಯದು ಅಳಿಸಲಿಲ್ಲ.

೬. ಉಮ್ಮತ್ತದ ಪ್ರಯಾಣ

ಔಷಧದ ವಿಷಯದಲ್ಲಿ ವಿದ್ಯೆಯು ಪೂರ್ವದಿಂದ ಪಶ್ಚಿಮಕ್ಕೂ ಹೋಯಿತೆಂಬುದಕ್ಕೆ ಉಮ್ಮತ್ತದ ಗಿಡವೇ ಸಾಕ್ಷಿ. ಧತ್ತೂರವೆಂದು ಸಂಸ್ಕೃತದಲ್ಲಿ ಕರೆಯುವ ಈ ಗಿಡವು ಉಪವಿಷಗಳ ವರ್ಗದಲ್ಲಿ ಸೇರಿದುದು. ಚರಕನ ಶ್ವಾಸಾಧ್ಯಾಯದಲ್ಲಿ ಅರಿಸಿನ, ಹರಳುಬೇರು, ಅರಗು, ಮಣಿಶಿಲೆ, ದೇವದಾರು ಮುಂತಾದವುಗಳಿಂದ ಬತ್ತಿಮಾಡಿ ತುಪ್ಪಸವರಿ ಹೊಗೆಯನ್ನು ಸೇವಿಸುವ ವಿಧಿಯಿದೆ. ಧತ್ತೂರವು ಆ ಪಟ್ಟಿಯಲ್ಲಿಲ್ಲ. ಆದರೆ ದಕ್ಷಿಣದೇಶದ ಜನರಲ್ಲಿ ಉಮ್ಮತ್ತದ ಹೊಗೆಯಿಂದ ಉಬ್ಬಸವನ್ನು ಶಮನಗೊಳಿಸುವ ಪದ್ಧತಿಯಿತ್ತು. ಮದ್ರಾಸಿನ ಪ್ರಧಾನವೈದ್ಯನಾಗಿದ್ದ ಡಾ॥ ಜೇಮ್ಸ್ ಆಂಡರ್ಸನ್ನನಿಂದ ಇದನ್ನು ತಿಳಿದ ಜನರಲ್ ಜೆಂಟನೆಂಬವನು ೧೮೦೨ರಲ್ಲಿ ಬ್ರಿಟನ್ನಿಗೆ ಒಯ್ದನು. ಅಲ್ಲಿನ ವೈದ್ಯರು ತಮ್ಮ ದೇಶದಲ್ಲಿ ದೊರೆಯುವ ಅದೇ ಕುಲದ ಗಿಡವನ್ನು ಬಳಸಿ, ೧೯ನೆಯ ಶತಮಾನದಲ್ಲೆಲ್ಲ ಅದರ ಹೊಗೆಬತ್ತಿಗಳನ್ನೂ ಸಿಗರೇಟುಗಳನ್ನೂ ಪ್ರಚಾರಗೊಳಿಸಿದರು. ಈ ವರ್ಗದ ಗಿಡಗಳಿಂದ ಆಟ್ರೋಪೀನೆಂಬ ಕ್ಷಾರವು ೧೮೩೦ರ ದಶಕದಲ್ಲಿ ಬೇರ್ಪಡಿಸಲ್ಪಟ್ಟಿತು; ಅದನ್ನು ಮಾರ್ಪಡಿಸಿ, ಮದವನ್ನುಂಟುಮಾಡದೆ ಶ್ವಾಸನಾಳವನ್ನು ಮಾತ್ರ ಸಡಿಲಿಸುವ ಇಪ್ರಟ್ರೋಪಿಯಮ್ ೧೯೭೦ರ ದಶಕದಲ್ಲಿಯೂ, ದಿನಕ್ಕೊಮ್ಮೆ ಸೇದಿದರೆ ಸಾಕಾಗುವ ಟಯೋಟ್ರೋಪಿಯಮ್ ೨೦೦೦ದ ದಶಕದ ಆದಿಯಲ್ಲಿಯೂ ಬಳಕೆಗೆ ಬಂದವು. ನಮ್ಮ ಆಡುಸೋಗೆಯ ವಾಸಿಸೀನ್ ಎಂಬ ಸತ್ತ್ವದಿಂದ ಕಫವನ್ನು ತೆಳುಗೊಳಿಸುವ ಬ್ರೋಮ್‌ಹೆಕ್ಸಿನ್ ಹುಟ್ಟಿದುದೂ ಇದೇ ಜಾತಿಯ ಕಥೆ. ಹಾಗೆಂದು ಉಮ್ಮತ್ತದ ಎಲೆಯನ್ನು ಸುಟ್ಟು ಸೇದುವುದು ಇಂದು ಸಾಧುವೆಂದು ಯಾರೂ ತಿಳಿಯಬಾರದು. ಅದು ವಿಷವೆಂಬ ಪ್ರಾಚೀನರ ಮಾತು ಸತ್ಯ. ಪ್ರಮಾಣವು ಗೊತ್ತಿಲ್ಲದ ಹೊಗೆಯಲ್ಲಿ ವಿಷಕ್ಕೂ ಔಷಧಕ್ಕೂ ನಡುವಣ ಗೆರೆಯಿರುವುದಿಲ್ಲ.

೭. ಎರಡಾಗಿ ಒಡೆದ ಹೆಸರು

ಈಗ ಮುಖ್ಯಪ್ರಶ್ನೆಗೆ ಬರೋಣ. ೧೯೫೮ರಲ್ಲಿ ಹ್ಯಾರಿ ಮಾರೋ ಬ್ರೌನ್ ಎಂಬ ವೈದ್ಯನು ರೋಗಿಗಳ ಕಫವನ್ನು ಸೂಕ್ಷ್ಮದರ್ಶಕದಿಂದ ನೋಡಿ, ಇಯೋಸಿನೋಫಿಲ್ ಎಂಬ ಕಣಗಳು ಹೇರಳವಾಗಿದ್ದವರು ಸ್ಟೀರಾಯ್ಡ್ ಔಷಧದಿಂದ ಚೇತರಿಸಿಕೊಳ್ಳುವರೆಂದೂ ಇಲ್ಲದವರು ಚೇತರಿಸಿಕೊಳ್ಳರೆಂದೂ ತೋರಿಸಿದನು. ಹೊರಗಿನಿಂದ ಒಂದೇ ರೂಪದ ಉಬ್ಬಸವಿದ್ದರೂ ಒಳಗೆ ಎರಡು ಜಾತಿಗಳಿದ್ದವು. ಅದೇ ಕಾಲದಲ್ಲಿ ಲಂಡನ್ನಿನ ಸೀಬಾ ಸಂಗೋಷ್ಠಿಯೂ ೧೯೬೨ರಲ್ಲಿ ಅಮೆರಿಕದ ವೈದ್ಯಸಂಘವೂ ಅಸ್ತಮಾ, ದೀರ್ಘಕಾಲಿಕ ಬ್ರಾಂಕೈಟಿಸ್, ಎಂಫಿಸೀಮ ಎಂಬ ಶಬ್ದಗಳಿಗೆ ಲಕ್ಷಣಗಳನ್ನು ಕಟ್ಟಿದವು. ೧೯೬೩ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಎಂಬವರು ರಕ್ತದ ಒಂದು ರಕ್ಷಕದ್ರವ್ಯವು ಹುಟ್ಟಿನಿಂದಲೇ ಕೊರತೆಯಾಗಿರುವವರಲ್ಲಿ ಎಂಫಿಸೀಮವು ಬರುವುದನ್ನು ಕಂಡರು. ೧೯೭೭ರಲ್ಲಿ ಫ್ಲೆಚರ್ ಮತ್ತು ಪೀಟೊ ಎಂಬವರು ಹೊಗೆಸೇದುವವರಲ್ಲಿ ಕೆಲವರಿಗೆ ಉಸಿರಿನ ಶಕ್ತಿಯು ವರ್ಷವರ್ಷಕ್ಕೆ ಶೀಘ್ರವಾಗಿ ಕುಗ್ಗುವುದೆಂದೂ, ಅಭ್ಯಾಸವನ್ನು ಬಿಟ್ಟಲ್ಲಿ ಕಳೆದುದು ಬಾರದಿದ್ದರೂ ಕುಗ್ಗುವ ವೇಗವು ಇಳಿಯುವುದೆಂದೂ ಸ್ಥಾಪಿಸಿದರು.

ಇಂದು ವಯಸ್ಕರಲ್ಲಿ ನಿರ್ಣಯವು ಹೀಗೆ ನಡೆಯುತ್ತದೆ. ಉಬ್ಬಸ, ಕೆಮ್ಮು, ಎದೆಯ ಬಿಗಿತಗಳು ಏರಿಳಿಯುತ್ತಿದ್ದು, ಊದುವ ಶಕ್ತಿಯೂ ಏರಿಳಿಯುವುದೆಂದು ಅಳತೆಯಿಂದ ಸಿದ್ಧವಾದರೆ ಅದು ಅಸ್ತಮಾ. ಶ್ವಾಸನಾಳವನ್ನು ಅಗಲಿಸುವ ಔಷಧವನ್ನು ಕೊಟ್ಟು ಮತ್ತೆ ಊದಿಸಿದಾಗ ಮೊದಲ ಸೆಕೆಂಡಿನ ಪ್ರಮಾಣವು ಶೇಕಡ ೧೨ರಷ್ಟೂ ೨೦೦ ಮಿಲಿಲೀಟರಿನಷ್ಟೂ ಮೀರಿ ಹೆಚ್ಚಿದರೆ ಅದು ಬಲವಾದ ಸಾಕ್ಷ್ಯ. ಔಷಧಾನಂತರವೂ ಮೊದಲ ಸೆಕೆಂಡಿನ ಪ್ರಮಾಣವು ಒಟ್ಟು ಹೊರಬಿಟ್ಟ ಉಸಿರಿನ ೦.೭ಕ್ಕಿಂತ ಕಡಮೆಯಾಗಿಯೇ ಉಳಿದು, ಹೊಗೆಯೇ ಮೊದಲಾದ ಕಾರಣಗಳೂ ತಕ್ಕ ಲಕ್ಷಣಗಳೂ ಇದ್ದರೆ ಅದು ಸಿ.ಒ.ಪಿ.ಡಿ. ಎರಡೂ ಒಬ್ಬನಲ್ಲಿಯೇ ಕೂಡಿರುವುದೂ ಉಂಟು. ಸಂಸ್ಕೃತವೈದ್ಯವನ್ನು ಓದಿದವರಿಗೆ ಈ ಔಷಧಪರೀಕ್ಷೆಯು ಅಪರಿಚಿತವಲ್ಲ. ಲಕ್ಷಣವು ಗೂಢವಾದ ವ್ಯಾಧಿಯನ್ನು ಉಪಶಯ ಅನುಪಶಯಗಳಿಂದ ಪರೀಕ್ಷಿಸಬೇಕೆಂದು ಚರಕನು ವಿಧಿಸಿರುವನು. ತತ್ತ್ವವು ಒಂದೇ, ಅಲ್ಲಿ ಸುಖದುಃಖಗಳ ಅನುಭವವು ಪ್ರಮಾಣ, ಇಲ್ಲಿ ಮಿಲಿಲೀಟರು ಪ್ರಮಾಣ.

ಚಿಕಿತ್ಸೆಯೂ ಎರಡಾಗಿ ಒಡೆಯಿತು. ೧೯೫೬ರಲ್ಲಿ ಅಳತೆಯಾಗಿ ಔಷಧವನ್ನು ಚಿಮ್ಮುವ ಇನ್‌ಹೇಲರು ಬಂದಿತು. ೧೯೬೦ರ ದಶಕದಲ್ಲಿ ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಅಸ್ತಮಾಮರಣಗಳು ಒಮ್ಮೆಲೆ ಹೆಚ್ಚಿದವು. ತೀಕ್ಷ್ಣಪ್ರಮಾಣದ ಐಸೊಪ್ರೆನಲಿನನ್ನು ಮೇಲಿಂದಮೇಲೆ ಸೇದುತ್ತ ಮೂಲವ್ಯಾಧಿಯನ್ನು ಉಪೇಕ್ಷಿಸಿದುದಕ್ಕೂ ಇದಕ್ಕೂ ಸಂಬಂಧವಿತ್ತೆಂದು ವಿಚಾರಕರು ಕಂಡರು. ೧೯೭೨ರಲ್ಲಿ ಸೇದುವ ಸ್ಟೀರಾಯ್ಡ್ ಬಂದ ಮೇಲೆ ನಾಳದ ಉರಿಯನ್ನು ಮೂಲದಲ್ಲಿಯೇ ತಡೆಯುವ ಮಾರ್ಗವು ತೆರೆಯಿತು. ಶೀಘ್ರಶಮನದ ಔಷಧವೊಂದನ್ನೇ ನೆಚ್ಚಬಾರದು, ಸ್ಟೀರಾಯ್ಡ್ ಇಲ್ಲದೆ ವಯಸ್ಕರ ಅಸ್ತಮಾವನ್ನು ನಡೆಸಬಾರದು ಎಂದು ೧೯೯೩ರಲ್ಲಿ ಹುಟ್ಟಿದ ‘ಜೀನ’ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ೨೦೧೯ರಲ್ಲಿ ಸ್ಪಷ್ಟವಾಗಿ ಸಾರಿತು. ಸಿ.ಒ.ಪಿ.ಡಿ.ಯಲ್ಲಿಯಾದರೋ ನಾಳವನ್ನು ದೀರ್ಘಕಾಲ ಅಗಲಿಸುವ ಔಷಧಗಳೇ ಆಧಾರ. ಸ್ಟೀರಾಯ್ಡ್ ಕೆಲವರಿಗೆ ಮಾತ್ರ, ಏಕೆಂದರೆ ಇತರರಲ್ಲಿ ಅದು ಫಲವನ್ನು ಕೊಡದೆ ಶ್ವಾಸಕೋಶದ ಜ್ವರಕ್ಕೆ ಎಡೆಮಾಡಬಹುದು. ಹೊಗೆಯನ್ನು ಬಿಡುವುದು, ಕ್ರಮಬದ್ಧವಾದ ವ್ಯಾಯಾಮ, ಲಸಿಕೆ, ರಕ್ತದಲ್ಲಿ ಪ್ರಾಣವಾಯುವು ಬಹಳ ಕಡಮೆಯಾದವರಿಗೆ ದಿನಕ್ಕೆ ೧೫ ಗಂಟೆಗೆ ಕಡಮೆಯಿಲ್ಲದೆ ಆಮ್ಲಜನಕ ಇವು ಉಳಿದ ಅಂಗಗಳು. ಈ ಕೊನೆಯದು ಆಯುಸ್ಸನ್ನು ಹೆಚ್ಚಿಸುವುದೆಂದು ೧೯೮೦ ಮತ್ತು ೧೯೮೧ರ ಎರಡು ಪರೀಕ್ಷೆಗಳು ಸ್ಥಾಪಿಸಿದವು.

೮. ಸಿದ್ಧಾಂತ

ಮೇಲಿನ ವಿಚಾರದಿಂದ ಫಲಿಸುವುದಿಷ್ಟು. ತಮಕಶ್ವಾಸದ ಲಕ್ಷಣವು ಅಸ್ತಮಾವನ್ನು ಒಳಗೊಂಡಿದೆ. ಆದರೆ ಅಸ್ತಮಾ ಎಂಬ ಇಂದಿನ ಎಲ್ಲೆಯಲ್ಲಿ ತಮಕವು ನಿಲ್ಲುವುದಿಲ್ಲ, ಅದರ ಹಳೆಯದಾದ ಮತ್ತು ದುರ್ಬಲನಲ್ಲಿರುವ ಅವಸ್ಥೆಯು 씨.ಒ.ಪಿ.ಡಿ.ಯ ಕ್ಷೇತ್ರಕ್ಕೂ ಚಾಚಿದೆ. ಆದುದರಿಂದ ಅನುವಾದಕರು ತಮಕವನ್ನು ತಮಕವೆಂದೇ ಉಳಿಸಿ ಅರ್ಥವನ್ನು ವಿವರಿಸುವುದು ಯುಕ್ತ. ಅರವತ್ತು ವರ್ಷದ, ಬೀಡಿಯ ದೀರ್ಘಾಭ್ಯಾಸವಿರುವ ರೋಗಿಗೂ, ಇಪ್ಪತ್ತು ವರ್ಷದ, ಮಳೆಗಾಲದಲ್ಲಿ ಮಾತ್ರ ಉಬ್ಬಸಪಡುವ ರೋಗಿಗೂ ಒಂದೇ ಹೆಸರನ್ನು ಕೊಟ್ಟರೆ ಇಬ್ಬರಲ್ಲಿ ಒಬ್ಬನಿಗಾದರೂ ಅನ್ಯಾಯವಾಗುತ್ತದೆ.

ಆದರೆ ಪ್ರಾಚೀನರಿಂದ ಕಲಿಯತಕ್ಕುದು ಏನೂ ಇಲ್ಲವೆಂಬ ಎರಡನೆಯ ಪಕ್ಷವೂ ಬೀಳುತ್ತದೆ. ಸಂಕ್ಷೇಪವಾಗಿ ಹೇಳುವುದಾದರೆ ಕಾರಣವನ್ನು ಬಿಡಿಸುವುದೇ ಚಿಕಿತ್ಸೆಯೆಂದು ಸುಶ್ರುತನು ಹೇಳಿದುದು ಹೊಗೆಯ ವಿಷಯದಲ್ಲಿ ಇಂದಿಗೂ ಮೊದಲನೆಯ ವಿಧಿ. ಅದಕ್ಕಿಂತಲೂ ಬೆಲೆಯುಳ್ಳದು ‘ಯಾಪ್ಯ’ವೆಂಬ ಶಬ್ದ. ಬೀಳಲಿರುವ ಮನೆಯನ್ನು ಚೆನ್ನಾಗಿ ನಿಲ್ಲಿಸಿದ ಕಂಬವು ಹೇಗೆ ತಡೆದು ಹಿಡಿಯುವುದೋ ಹಾಗೆ ಯಾಪ್ಯರೋಗಿಯನ್ನು ಚಿಕಿತ್ಸೆಯು ಹಿಡಿದಿರುವುದೆಂದೂ, ಚಿಕಿತ್ಸೆಯನ್ನು ನಿಲ್ಲಿಸಿದೊಡನೆ ಕೇಡು ಬರುವುದೆಂದೂ ಆತನು ಸೂತ್ರಸ್ಥಾನದಲ್ಲಿ ವಿವರಿಸಿರುವನು. ಉಬ್ಬಸವು ಅಡಗಿದೊಡನೆ ಇನ್‌ಹೇಲರನ್ನು ಪೆಟ್ಟಿಗೆಯಲ್ಲಿಟ್ಟುಬಿಡುವ, ಮತ್ತೆ ಕೆರಳಿದಾಗ ಔಷಧವನ್ನು ದೂರುವ ರೋಗಿಗಳು ಇಂದು ಮನೆಮನೆಯಲ್ಲಿಯೂ ಇರುವರು. ವಾಸಿಯಾಯಿತೋ ಇಲ್ಲವೋ ಎಂಬ ಎರಡೇ ಮಾತುಗಳು ಅವರಿಗೆ ಗೊತ್ತು. ಇವೆರಡರ ನಡುವೆ ಮೂರನೆಯದೊಂದಿದೆಯೆಂದೂ, ಕಂಬವು ನಿಂತಿರುವವರೆಗೆ ಮನೆಯಲ್ಲಿ ಸುಖವಾಗಿ ಬಾಳಬಹುದೆಂದೂ ತಿಳಿಸುವ ಶಬ್ದವು ನಮ್ಮ ಶಾಸ್ತ್ರದಲ್ಲಿ ಸಿದ್ಧವಾಗಿದೆ. ಅದನ್ನು ಕನ್ನಡದ ಬಳಕೆಗೆ ತರುವುದು ಭಾಷಾಸೇವಕರ ಕೆಲಸ. ಯಾರಿಗೆ ಯಾವ ಕಂಬವೆಂಬುದನ್ನು ಅಳೆದು ನೋಡಿ ಹೇಳುವುದು ವೈದ್ಯರ ಕೆಲಸ.